ಬದಲಿಸದ ವಾಟಿ

ಸಾನ್ವಿ, ಅಥರ್ವ, ಮೊಮ್ಮಕ್ಕಳೇ, ಇದನ್ನು ನಿಮಗೆಂದು ಬರೆಯುತ್ತಿದ್ದೇನೆ. ಆಗೆಲ್ಲ ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿ, ನನ್ನ ಕಾಕಾನ ಒಂದೇ ಕೋಣೆಯ ಖೋಲಿಯಲ್ಲಿ ಆರು ಮಂದಿ ಮಲಗುತ್ತಿದ್ದರು. ಏಳನೆಯವರಿಗೆ ಹೇಗೋ ಜಾಗ ಮಾಡಬಹುದಿತ್ತು, ಎಂಟನೆಯವರಿಗೆ ಇರಲಿಲ್ಲ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನೂ ತಂಗಿ ಕಮಲಿಯೂ ಊರಿಂದ ಕಾಕಾನ ಮನೆಗೆ ಹೋಗಿದ್ದೆವು. ನನಗೆ ಹನ್ನೊಂದು, ಅವಳಿಗೆ ಒಂಬತ್ತು. ಒಬ್ಬಳನ್ನು ಅಲ್ಲೇ ಶಾಲೆಗೆ ಹಾಕುವುದೆಂದಾಯಿತು. ಇಬ್ಬರಿಗೂ ಉಳಿಯುವ ಆಸೆ.

ಕಾಕಾ ಮೂರು ವಾಟಿ, ಅಂದರೆ ಸಣ್ಣ ಬಟ್ಟಲು, ಬೋರಲು ಹಾಕಿ ಒಂದರ ಕೆಳಗೆ ಹುಣಸೆಬೀಜ ಬಚ್ಚಿಟ್ಟರು. "ಹಿರಿಯಾಕಿ ನೀ. ಬೀಜ ಸಿಕ್ಕರ ನೀ ಇರು, ಇಲ್ಲಂದ್ರ ಕಮಲಿ."

ನಡುವಿನದನ್ನು ಮುಟ್ಟಿದೆ. ಬೀಜ ಎಲ್ಲಿದೆಯೆಂದು ಬಲ್ಲ ಕಾಕಾ ಎಡಗಡೆಯ ಖಾಲಿ ವಾಟಿ ಎತ್ತಿ ತೋರಿಸಿದರು. "ಈಗ ಎರಡ ಉಳದ್ವು. ಇಬ್ಬರಿಗೂ ಬರೋಬರ್, ಸಮಸಮ. ಬೇಕಾದ್ರ ಬದಲ್ ಮಾಡು."

"ಪೋರಿಗೋಳ ಜೋಡಿ ಏನ್ ಆಟ ಹಚ್ಚೀರಿ!" ಎಂದು ಕಾಕಾನ ಹೆಂಡತಿ ಕಾಕು ಸ್ಟೋವಿಗೆ ಪಂಪು ಹೊಡೆಯುತ್ತಲೇ ಗದರಿದರು.

ನಮ್ಮ ಮನೆಯಲ್ಲಿ ತಾಟಿನ ಉಂಡೆ ಮುಟ್ಟಿದವರು ಅದನ್ನೇ ತಿನ್ನಬೇಕು. ಬಿಟ್ಟು ಬೇರೆಯದಕ್ಕೆ ಕೈ ಹಾಕಿದರೆ ಅವ್ವ ಎಲ್ಲರೆದುರು ಬಯ್ಯುತ್ತಿದ್ದಳು. ನನಗೆ ನಾಚಿಕೆಯಾಯಿತು. "ಇದ ಇರಲಿ" ಎಂದೆ. ಖಾಲಿ.

ಖೋಲಿಯ ಹೊರಗಿನ ಗ್ಯಾಲರಿಯಲ್ಲಿ ಅಳುತ್ತ ಕೂತಾಗ ಕಮಲಿ ಬಂದಳು. "ಬದಲ್ ಮಾಡಬೇಕಿತ್ತು, ಅಕ್ಕಾ."

"ಎರಡ ಇದ್ವಲ್ಲ, ಯಾವುದಾದ್ರೇನು?"

"ಅಲ್ಲ. ಆಡಿ ನೋಡೂಣ ಬಾ."

ಅವಳು ಬಚ್ಚಿಟ್ಟಳು, ನಾನು ಮುಟ್ಟಿದೆ, ಅವಳು ಖಾಲಿಯೊಂದನ್ನು ಎತ್ತಿದಳು. ಮುಟ್ಟಿದ್ದರಲ್ಲೇ ಬೀಜವಿದ್ದರೆ ಗೋಡೆಯ ಈ ಕಡೆ ಇದ್ದಿಲಿನ ಗೆರೆ, ಬದಲಿಸಿದರೆ ಸಿಗುವಂತಿದ್ದರೆ ಆ ಕಡೆ. ಮೂವತ್ತು ಆಟ. ಈ ಕಡೆ ಹನ್ನೊಂದು, ಆ ಕಡೆ ಹತ್ತೊಂಬತ್ತು.

"ಮೊದಲ ಮುಟ್ಟಿದ್ದು ಮೂರ ಸಲದಾಗ ಎರಡ ಸಲ ಖಾಲಿನ ಇರ್ತದ," ಎಂದಳು. "ಆವಾಗ ಕಾಕಾ ಇನ್ನೊಂದ ಖಾಲಿನೇ ಎತ್ತಬೇಕಲ್ಲ? ಬೀಜ ಉಳದದ್ದರಾಗ."

ಮರುದಿನ ಕಲ್ಯಾಣ ಸ್ಟೇಶನ್ನಿನಲ್ಲಿ ಊರಿನ ಗಾಡಿ ಹತ್ತಿದೆ. ಕಮಲಿ ಕಿಟಕಿಯ ಸರಳಿನೊಳಗಿಂದ ಬೀಜ ನನ್ನ ಕೈಗಿಟ್ಟು, "ಮುಂದಿನ ಸಲ ಬದಲ್ ಮಾಡು" ಎಂದಳು.

ಎರಡನೆಯ ಮಳೆಗಾಲದಲ್ಲಿ ಚಾಳಿನ ಬಾವಿಯ ನೀರು ಕೆಟ್ಟು ಕಾಮಾಲೆ ಹಬ್ಬಿತು. ಕಮಲಿ ಹೋದಳು. ಕಾಕಾ ಅವಳ ಪಾಟಿಚೀಲ ತಂದು ಅವ್ವನ ಮುಂದಿಟ್ಟು ತಲೆ ತಗ್ಗಿಸಿ ಕೂತರು.

ಅಂದು ಬದಲಿಸಿದ್ದರೆ ಆ ನೀರು ಕುಡಿಯುತ್ತಿದ್ದವಳು ನಾನು.

ಮದುವೆಯಾಗಿ ನಾನೂ ಡೊಂಬಿವಲಿಗೇ ಬಂದೆ. ಅಷ್ಟರಲ್ಲಿ ಗ್ಯಾಲರಿಗೆ ಸುಣ್ಣ ಹೊಡೆದಿದ್ದರು, ಗೆರೆಗಳಿರಲಿಲ್ಲ. ಈಗ ಚಾಳೂ ಇಲ್ಲ, ಕಾಕಾನೂ ಇಲ್ಲ. ಬೀಜ ಮಾತ್ರ ನಾನೀಗ ಹಚ್ಚಿಕೊಳ್ಳದ ಕುಂಕುಮದ ಕರಡಿಗೆಯಲ್ಲಿದೆ. ನೀವು ವಾಟಿಯಾಟ ಆಡಿಸಿದಾಗ ನಾನು ಎಂದೂ ಬದಲಿಸುವುದಿಲ್ಲ, ಸೋತಾಗ "ಆಜಿ ಹರಲಿ!", ಅಜ್ಜಿ ಸೋತಳು ಎಂದು ಕುಣಿಯುತ್ತೀರಿ. ಲೆಕ್ಕ ನನಗೆ ಗೊತ್ತು, ಮಕ್ಕಳೇ. ಕೈ ಹೋಗುವುದಿಲ್ಲ.

ಅವಳ ಗೆರೆಗಳನ್ನು ಗೋಡೆ ಉಳಿಸಲಿಲ್ಲ. ಈ ಹಾಳೆಗಳನ್ನು ನೀವು ಜೋಪಾನವಾಗಿಡಿ.