ಬಾಣಸಂದ್ರದಲ್ಲಿ ಇಳಿದವರು

ಸರೋಜಳನ್ನು ನೋಡಲು ಬಂದ ಗುಬ್ಬಿಯವರಿಗೆ ಬಾಣಸಂದ್ರದಲ್ಲಿ ಇಳಿಯಿರಿ ಎಂದು ಹೇಳಿದವನು ನಾನು. ನನ್ನ ತಂಗಿಯ ಆ ಸಂಬಂಧ ಮುರಿದದ್ದು ತಿಪಟೂರಿನ ಅಳಿಯ ಸ್ಟೇಷನ್ನಿಗೆ ಹೋಗದೆ ಕೊಬ್ಬರಿ ಮಂಡಿಯಲ್ಲೇ ಕೂತದ್ದರಿಂದ ಎಂದು ನಮ್ಮವರು ಇವತ್ತಿಗೂ ಹೇಳುತ್ತಾರೆ. ಸುಳ್ಳು. ನೀವು ಹೋಗಿದ್ದಿರಿ, ಭಾವ. ಕಾದಿದ್ದಿರಿ. ನನಗದು ಅವತ್ತೇ ಗೊತ್ತಿತ್ತು.

ಅವರು ತಿಪಟೂರಿನಲ್ಲಿ ಇಳಿಯುವುದು, ನೀವು ಮಂಡಿಯ ವ್ಯಾನಿನಲ್ಲಿ ನಮ್ಮೂರಿಗೆ ಕರೆತರುವುದು — ಅಪ್ಪ ಹಾಗೆಂದು ಗೊತ್ತುಮಾಡಿದ್ದರು. ಗುಬ್ಬಿಗೆ ಸುದ್ದಿ ಮುಟ್ಟಿಸಲು ನಾನು ಹೊರಟಾಗ ಜಗಲಿಯ ಮೇಲೆ ಕೂತು ನೀವು ಅಂದಿರಿ: "ಬೀಗರನ್ನ ಇಳಿಸ್ಕಳಾಕೂ ತುರುವೇಕೆರೆಯೋರಿಗೆ ತಿಪಟೂರೇ ಆಗ್ಬೇಕು ಕಣ್ರೀ ಮಾವ. ಏನ್ಲಾ, ಇದಕ್ಕೂ ವಾದ ಐತಾ ನಿನ್ ತಾವ?"

ಇತ್ತು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾಲಗೆ ನನ್ನದು. ಬಾಣಸಂದ್ರ ನಮ್ಮ ತುರುವೇಕೆರೆ ತಾಲ್ಲೂಕಿನದೇ ಸ್ಟೇಷನ್. ಅಲ್ಲಿಂದ ಗಾಡಿ ಹೂಡಿಸಿ ನಾನೇ ಅವರನ್ನು ಮನೆಗೆ ಕರೆತರುವುದು, ನೀವು ಖಾಲಿ ಪ್ಲಾಟ್‌ಫಾರ್ಮ್ ಕಾಯುವುದು — ಅದೇ ನನ್ನ ಉತ್ತರ. ಅಪ್ಪನಿಗೂ ಹೇಳಲಿಲ್ಲ.

ಒಂದನ್ನು ಮರೆತಿದ್ದೆ. ಅವತ್ತು ಕೊಬ್ಬರಿ ಹರಾಜು. ಸುತ್ತಲಿನ ಗಾಡಿಗಳೆಲ್ಲ ಚೀಲ ಹೇರಿಕೊಂಡು ಬೆಳಗ್ಗೆಯೇ ತಿಪಟೂರು ಸೇರಿದ್ದವು. ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾವ ದಡ್ಡನೂ ಮರೆಯದ ಸಂಗತಿ. ಮನೆಮನೆ ಅಲೆದು, ಗಾಡಿ ಸಿಗದೆ, ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಬಂದೆ. ಬೇವಿನ ಮರದಡಿ ಅವರು ಕೂತಿದ್ದರು. ಹುಡುಗನ ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಎದುರಿಗೆ ಹೋಗಿ ತಪ್ಪಾಯಿತು ಅನ್ನಬಹುದಿತ್ತು — ಹೋಗಲಿಲ್ಲ. ಗೂಡ್ಸ್ ಶೆಡ್ಡಿನ ಹಿಂದೆ ನಿಂತಿದ್ದೆ, ಅವರು ವಾಪಸು ರೈಲು ಹತ್ತುವವರೆಗೆ.

ಮರುದಿನ ಗುಬ್ಬಿಯಿಂದ ಮಾತು ಬಂತು: ಸ್ಟೇಷನ್ನಿನಲ್ಲಿ ನಮ್ಮನ್ನು ಕೇಳುವವರಿರಲಿಲ್ಲ, ಈ ಸಂಬಂಧ ಬೇಡ. ಯಾವ ಸ್ಟೇಷನ್ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅಪ್ಪ ನಿಮ್ಮನ್ನು ಕರೆಸಿದರು.

"ರೈಲು ಬಂತು, ಹೋಯ್ತು. ಅವರ ಪೈಕಿ ಒಬ್ರೂ ಇಳೀಲಿಲ್ಲ ಮಾವ," ಅಂದಿರಿ.

ಆಗ ನಾನು ಬಾಯಿ ಬಿಟ್ಟೆ. "ಹರಾಜಿನ ದಿನ ಮಂಡಿ ಬುಟ್ಟು ಸ್ಟೇಷನ್ ಕಾದ್ರಂತೆ. ನಂಬೋ ಮಾತಾ ಭಾವ?"

ನಾನೇ ಮರೆತಿದ್ದ ಹರಾಜು, ನಿಮ್ಮ ವಿರುದ್ಧ ನನ್ನ ಸಾಕ್ಷಿ. ಆ ವಾದವನ್ನೂ ಗೆದ್ದೆ. ಅಪ್ಪ ಮುಖ ತಿರುಗಿಸಿದರು. ನೀವು ಚಪ್ಪಲಿ ಮೆಟ್ಟಿದಿರಿ. ಅಂದಿನಿಂದ ಅಕ್ಕ ತವರಿಗೆ ಬಂದಿಲ್ಲ — ಸರೋಜಳನ್ನು ಬೇರೆ ಕಡೆ ಕೊಟ್ಟಾಗಲೂ. ಗೌರಿ ಹಬ್ಬಕ್ಕೆ ಅಪ್ಪ ಒಯ್ದ ಬಾಗಿನ ನಿಮ್ಮ ಹೊಸ್ತಿಲಿನಿಂದಲೇ ಹಿಂದಿರುಗಿತು.

ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಇದೆ. ನಿಮ್ಮ ಮಾತು ಕುಹಕದ್ದೇ. ಆದರೆ ಕುಹಕ ಆಡಿದವನ ಮೇಲೆ ಸುಳ್ಳು ಹೊರಿಸಬಹುದೆಂದು ಯಾವ ತರ್ಕ ಹೇಳುತ್ತದೆ? ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ. "ನಂಗೇಳಿದ್ರೆ ಸಾಲ್ದು ಕಣ್ಲಾ," ಅಂದರು.

ಈ ಗೌರಿಗೆ ಬಾಗಿನ ತರುವವನು ನಾನು. ನಮ್ಮ ಸ್ಟೇಷನ್ನಿನಲ್ಲಿ ಹತ್ತಿ ನಿಮ್ಮ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ನೀವು ಕಾಯಬೇಕಾಗಿಲ್ಲ — ಒಮ್ಮೆ ಕಾದದ್ದೇ ಸಾಕು. ಬಾಗಿಲಲ್ಲಿ ನಿಂತೇ ಇದೆಲ್ಲವನ್ನೂ ಅಕ್ಕನ ಎದುರು ಹೇಳುತ್ತೇನೆ.

ಹೇಳಿದ ಮೇಲೆ, ಅಕ್ಕನನ್ನು ತವರಿಗೆ ಕಳಿಸ್ತೀರಾ, ಭಾವ?