ಗಾಳಿಯಾಡುವ ಅಂಗಿ ಹೆಣೆಯುವ ಜಿಜಾಬಾಯಿ

ಬೀದರಿನ ಮೈಲೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಜಿಜಾಬಾಯಿ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎರಡು ಬಿದಿರಿನ ಕಡ್ಡಿಗಳ ನಡುವೆ ಬಿಳಿ ಹತ್ತಿ ನೂಲನ್ನು ಕುಣಿಕೆಯಿಂದ ಕುಣಿಕೆಗೆ ಎಳೆಯುತ್ತಿದ್ದಾರೆ. ತೊಡೆಯ ಮೇಲೆ ಬೇಸಿಗೆಯ ಅಂಗಿಯೊಂದು ಬೆಳೆಯುತ್ತಿದೆ. ಗಿಡ್ಡ ತೋಳು, ಅಗಲ ಕೊರಳು. ಎತ್ತಿ ಹಿಡಿದರೆ ಆಚೆಗಿನ ಬೇವಿನ ಮರ ಕಾಣುವಷ್ಟು ತೆಳು. ಬಿಸಿಲೇರುವ ಮೊದಲು ಒಂದು ಗೇಣು ಮುಗಿಯಲೇಬೇಕು.

“ಬಿಸಲಾತಂದ್ರ ಕೈ ಬೆವರ್ತಾವ್ರಿ. ಬೆವತ ಕೈಲೆ ಹೆಣದ್ರ ನೂಲು ಕಡ್ಡಿಗಿ ಅಂಟ್ತದ. ಒಂದು ಕುಣಿಕಿ ಸಡ್ಲ, ಒಂದು ಬಿಗಿ ಬೀಳ್ತದ,” ಎನ್ನುತ್ತಾರೆ, ಕಣ್ಣೆತ್ತದೆ.

ಗಂಡ ತೀರಿಕೊಂಡ ಮೇಲೆ ಅವರು ದವಾಖಾನೆಯೊಂದರಲ್ಲಿ ಬಟ್ಟೆ ಒಗೆಯಲು ಸೇರಿದರು. ಅಲ್ಲಿನ ವಿಲಾಯತಿ ನರ್ಸಮ್ಮ ಬಿಡುವಿದ್ದಾಗ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ನೋಡುತ್ತ ನೋಡುತ್ತ ಜಿಜಾಬಾಯಿಗೂ ಕೈ ಕೂಡಿತು. “ನಮ್ಮ ಬಿಸಲಿಗಿ ಉಣ್ಣಿ ತಗೊಂಡು ಏನ್ ಮಾಡೋದ್ರಿ? ನಾ ಹತ್ತಿ ನೂಲು ಹಿಡದೆ.” ಆ ತೆಳು ಹೆಣಿಗೆ ಕಂಡು, ಈ ಮೀನಿನ ಬಲೆ ಯಾರು ತೊಡುತ್ತಾರೆ ಎಂದು ಓಣಿಯವರು ನಕ್ಕರು.

ಆ ನಗು ನಿಂತದ್ದು ನೆರೆಮನೆಯ ಖುರ್ಷಿದ ಬೇಗಂ ಅವರಿಂದ. ಕುದಿಯುವ ಎಣ್ಣೆ ಬಿದ್ದು ಅವರ ಬಲ ಹೆಗಲು ಸುಟ್ಟಿತ್ತು. ಗಾಯ ಮಾಯಿತು, ಚರ್ಮ ಮುದುಡಿಕೊಂಡಿತು. ಹೊಲಿದ ಬಟ್ಟೆ ತಾಗಿದರೆ ಉರಿ. ತೋಳು ತೂರಿಸಲು ಕೈ ಮೇಲೇಳದು. ಹಳೆಯ ಧೋತರದ ತುಂಡು ಸುತ್ತಿಕೊಂಡು ಅವರು ಒಳಗೇ ಉಳಿದರು. ಅಷ್ಟರಲ್ಲಿ ಮಗಳು ಆಬೇದಾಳ ನಿಕಾಹ್ ಔರಾದಿನಲ್ಲಿ, ಸೋದರಮಾವನ ಮನೆಯಲ್ಲಿ, ಕಡುಬೇಸಿಗೆಗೇ ನಿಗದಿಯಾಯಿತು.

“ನಾ ಹೋಗಲ್ಲ ಜಿಜಾಬಾಯಿ. ಮೈಮ್ಯಾಲ ಬಟ್ಟಿ ತಡಿಯಂಗಿಲ್ಲ. ಮಂದಿ ನಡುವ ಹ್ಯಾಂಗ ಕೂಡ್ಲಿ?” ಎಂದು ಬೇಗಂ ಅತ್ತರು.

“ಆಪಾ, ಉರಿ ಹತ್ತದಂಥಾ ಅಂಗಿ ನಾ ಮಾಡಿ ಕೊಡ್ತೇನಿ. ಮಗಳ ನಿಕಾಹಕ್ಕ ನೀವು ಹೋಗ್ಲೇಬೇಕು,” ಎಂದರು ಜಿಜಾಬಾಯಿ.

ಮೊದಲ ಅಂಗಿ ಹೆಣೆದಾಗ ಚೆಂದವಿತ್ತು. ಒಗೆದು ಹಗ್ಗಕ್ಕೆ ಹಾಕಿದ್ದೇ ತಡ, ಮೊಣಕಾಲಿಗೆ ಇಳಿಯಿತು. ಗಿಡ್ಡ ತೋಳು ಮೊಣಕೈ ದಾಟಿ ಜೋತುಬಿತ್ತು. ಓಣಿ ಮತ್ತೆ ನಕ್ಕಿತು. “ಅಳ್ಳಾಕ ಪುರಸೊತ್ತು ಎಲ್ಲಿತ್ರಿ? ಅಲ್ಲೇ ಕುಂತು ಪೂರಾ ಬಿಚ್ಚಿದೆ,” ಎನ್ನುತ್ತಾರೆ ಅವರು.

ಮರುದಿನ ಬಂಡಿ ಹತ್ತಿ ಭಾಲ್ಕಿಗೆ ಹೋದರು. ನೂಲಿನ ವ್ಯಾಪಾರಿ ಹಾವಗೆಪ್ಪನ ಅಂಗಡಿಯಲ್ಲಿ ಲಡಿಗಳನ್ನೆಲ್ಲ ಬೆರಳಲ್ಲಿ ಹೊಸೆದು ನೋಡಿ, ಸಣ್ಣದಾದರೂ ಗಟ್ಟಿ ಹುರಿಯ ನೂಲು ಆರಿಸಿ ತಂದರು. ಈ ಸಲ ನೂಲನ್ನೇ ಮೊದಲು ನೀರಲ್ಲಿ ಕುದಿಸಿ ನೆರಳಲ್ಲಿ ಒಣಗಿಸಿದರು. ಅಂಚಿಗೂ ತೋಳಿಗೂ ಎಳೆದರೆ ಹಿಗ್ಗಿ, ಬಿಟ್ಟರೆ ಕೂಡಿಕೊಳ್ಳುವ ಪಟ್ಟಿ ಇಟ್ಟರು. ಸುಟ್ಟ ಹೆಗಲ ಕಡೆ ತೋಳು ಸಮೇತ ತೆರೆದು ಬಿಟ್ಟು, ಕಟ್ಟಲು ಲಾಡಿ ಹಚ್ಚಿದರು. ಕೈ ಎತ್ತುವ ಮಾತೇ ಇಲ್ಲ. ಒಗೆದರು, ಒಣಗಿಸಿದರು. ಅಂಗಿ ಇದ್ದಂತೆಯೇ ಇತ್ತು.

ಖುರ್ಷಿದ ಬೇಗಂ ಔರಾದಿಗೆ ಹೋದರು. ಅಂಗಿಯ ಮೇಲೆ ಓಢಣಿ ಹೊದ್ದು ಹೆಂಗಸರ ನಡುವೆ ದಿನವಿಡೀ ಕೂತರು. ಮಗಳನ್ನು ಕಳಿಸಿಕೊಡುವಾಗ ಎರಡೂ ಕೈಯಿಂದ ಸೊಂಟ ಬಳಸಿ ತಬ್ಬಿಕೊಂಡರು.

ಸುದ್ದಿ ಭಾಲ್ಕಿಯವರೆಗೂ ಹೋಯಿತು. ಈಗ ಬೆವರುಸಾಲೆ ಎದ್ದ ಕೂಸುಗಳಿಗೆ, ಹಾಸಿಗೆ ಹಿಡಿದ ಮುದುಕರಿಗೆ ಅಂಗಿ ಬೇಕೆಂದು ಜನ ಇವರ ಕಟ್ಟೆ ಹುಡುಕಿ ಬರುತ್ತಾರೆ. ಹಾವಗೆಪ್ಪನೂ ಬಂದ.

“ಅಕ್ಕಾ, ಒಗಿಯೂದು ಬಿಡ್ರಿ, ಲಗೂನ ಮಾಡಿ ಕೊಡ್ರಿ. ದುಕಾನದಾಗ ಇಡ್ತೇನಿ.”

“ಒಗದು ನೋಡದ ನನ್ನ ಅಂಗಿ ಹೊಸ್ತಲ ದಾಟಂಗಿಲ್ರಿ ಅಣ್ಣಾ. ಕಾಯೋದಾದ್ರ ಕಾಯ್ರಿ.”

ಹಾವಗೆಪ್ಪ ಕಾಯುತ್ತಿದ್ದಾನೆ.

ಔರಾದಿನಿಂದ ಮರಳಿದ ದಿನ ಬೇಗಂ ಬಂಡಿಯಿಂದಿಳಿದು ನೇರ ಇದೇ ಕಟ್ಟೆಗೆ ಬಂದರಂತೆ. ಏನೆಂದರು ಎಂದು ಕೇಳಿದಾಗ ಮಾತ್ರ ಜಿಜಾಬಾಯಿಯ ಕಡ್ಡಿಗಳು ನಿಲ್ಲುತ್ತವೆ.

“ಹೊಗಳಲಿಲ್ರಿ. ‘ಮೈಮ್ಯಾಲ ಅಂಗಿ ಅದ ಅನ್ನೋದೇ ಮರ್ತಿದ್ದೆ’ ಅಂದ್ರು. ನಾ ಹೆಣದಿದ್ದು ತೊಟ್ಟವರು ಎಲ್ಲಾರೂ ಹಂಗೇ ಮರೀಬೇಕ್ರಿ.”