ಸೂರಿಗೆ ಸಿಕ್ಕಿಸಿದ ಲೋಟ

ಆಗ ನನಗೆ ಇಪ್ಪತ್ತೊಂದು ವರ್ಷ. ಅದಾಗಿ ಐವತ್ತು ವರ್ಷವಾಯಿತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸು ನಮ್ಮೂರ ಹೋಟೆಲಿನ ಮುಂದೆ ನಿಲ್ಲುತ್ತಿತ್ತು. ನಮ್ಮ ಕೇರಿಯವರನ್ನು ಯಾರೂ ಮುಟ್ಟಿಸಿಕೊಳ್ಳದ ಕಾಲ. ಹೋಟೆಲಿನ ಒಳಗೆ ಬೆಂಚಿದ್ದರೂ ನಾವು ಹೊರಗೇ ನಿಲ್ಲಬೇಕು. ನಮಗೆಂದು ನಾಲ್ಕು ಮುಕ್ಕಾದ ಲೋಟ ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿದ್ದರು. ಅದನ್ನು ತೆಗೆದು ಹಿಡಿದರೆ ಯಜಮಾನ ಮೇಲಿಂದ ಕಾಫಿ ಸುರಿಯುತ್ತಿದ್ದ. ಕುಡಿದು, ನಾವೇ ತೊಳೆದು, ಮತ್ತೆ ಸಿಕ್ಕಿಸಬೇಕು. ನಮಗೆ ಕೂಲಿ ಇದ್ದದ್ದೂ ಅವನ ಗದ್ದೆಯಲ್ಲೇ. ಆದರೂ ಕಾಫಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಾಟಿ ಮುಗಿಸಿ ಬರುವ ಸಂಜೆಯ ಆ ಘಮ ಈಗಲೂ ಮೂಗಿನಲ್ಲಿದೆ.

ಒಂದು ದಿನ ಮಂಡ್ಯದಿಂದ ನಮ್ಮ ಮುಖಂಡರು ಬರುತ್ತಾರೆಂದು ಸುದ್ದಿ ಬಂತು. ನಮ್ಮವರ ಹಕ್ಕಿಗಾಗಿ ಊರೂರು ತಿರುಗುತ್ತಿದ್ದವರು. ಅಂಥವರಿಗೆ ಮುಕ್ಕಾದ ಲೋಟದಲ್ಲಿ ಕಾಫಿ ಕೊಡುವುದು ಹೇಗೆ ಎಂಬುದೇ ನಮ್ಮ ಚಿಂತೆ. ತವರಿನವರು ನನ್ನ ಮದುವೆಗೆ ಕೊಟ್ಟಿದ್ದ ಹಿತ್ತಾಳೆ ಲೋಟವನ್ನು ಅತ್ತೆ ಹುಣಸೆಹಣ್ಣು ಹಾಕಿ ಬೆಳಗಿದರು. ನಾನು ಹೋಗಿ ಅದನ್ನೂ ಸೂರಿಗೆ ಸಿಕ್ಕಿಸಿ ಬಂದೆ. ದೊಡ್ಡ ಮರ್ಯಾದೆ ಮಾಡಿದೆವು ಅಂದುಕೊಂಡೆವು.

ಬಸ್ಸಿನಿಂದ ಇಳಿದವರು ಸಣಕಲು ಆಳು, ಹೆಗಲಲ್ಲಿ ಬಟ್ಟೆ ಚೀಲ. ಇವರೇನಾ ಅನ್ನಿಸಿತು. "ಸಾಮಿ, ಒಂದ್ ಕಾಪಿ" ಎಂದು ಯಜಮಾನನಿಂದ ಹೊಯ್ಯಿಸಿಕೊಂಡು ಅವರ ಮುಂದೆ ಹಿಡಿದೆ.

"ಇದ್ಯಾಕವ್ವ ಬ್ಯಾರೆ ಲೋಟ?"

"ನಿಮ್ಗೇ ಅಂತ ತಂದಿದ್ದು ಕಣಣ್ಣ. ಅವು ಮುಕ್ಕಾಗವೆ."

"ಒಳಗಿರೋವೂ ಮುಕ್ಕಾಗವಾ?"

ನಾನು ಲೋಟ ಹಿಡಿದೇ ಒಳಗಿನ ಬೆಂಚಿನ ಕಡೆ ನೋಡಿದೆ.

"ನಾನ್ ಒಳಕ್ ಓಗಿ ಕುಂತ್ರೆ ಇವತ್ತು ಕೊಟ್ಬುಡ್ತಾನೆ. ನಾಳೆ ನಾನ್ ಇರಕಿಲ್ಲ. ಆಗ ನೀನ್ ಎಲ್ ಕುಂತ್ಕೋತೀಯೆ?" ಎಂದು ಲೋಟವನ್ನು ಮುಟ್ಟದೆ ಕೇರಿಯ ಕಡೆ ನಡೆದರು.

ಕೇರಿಯಲ್ಲಿ ಅವರು ಮಾಡಿದ ಭಾಷಣದ ಒಂದಕ್ಷರವೂ ನೆನಪಿಲ್ಲ. ಹೋಟೆಲಿನ ಮುಂದೆ ನನ್ನನ್ನು ಕೇಳಿದ ಆ ಮಾತು ಮಾತ್ರ ಉಳಿದಿದೆ.

ಅವರನ್ನು ಬಸ್ಸು ಹತ್ತಿಸಿ ಬಂದಾಗ ಅತ್ತೆಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. "ಅವ್ರೇನೋ ಒಂಟೋದ್ರು. ಗದ್ದೆ ಕೆಲ್ಸ ತಪ್ಪುದ್ರೆ ಏನ್ಲೇ ತಿನ್ನಾದು? ಸುಮ್ಕಿರು."

"ಸುಮ್ಕೇ ಕುಂತ್ಕೊಂಡು ಬತ್ತೀನಿ ಬುಡತ್ತೆ."

ಈಗ ಆ ಜಾಗದಲ್ಲಿ ಬೇಕರಿ ಇದೆ. ಎಲ್ಲರಿಗೂ ಒಂದೇ ಪೇಪರ್ ಕಪ್ಪು. ಕಾಫಿಗೆ ಆ ಘಮವಿಲ್ಲ. ಅತ್ತೆಯೂ ಇಲ್ಲ, ಆ ಮುಖಂಡರೂ ಇಲ್ಲ.

ಅವರು ಬಂದುಹೋದ ಮರುದಿನ ಬೆಳಿಗ್ಗೆ ಸೂರಿನ ಕಡೆ ನೋಡದೆ ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದವರು ಎದ್ದು ಹೋದರು.

"ಅಣ್ಣ, ಒಂದ್ ಕಾಪಿ" ಅಂದೆ.

"ಎದ್ದೋಗ್ತೀಯೋ ಇಲ್ವೋ?" ಅಂದ ಯಜಮಾನ.

"ಕುಡುದ್ ಓಯ್ತೀನಿ."

ಬಿಸಿಲು ಬೆಂಚಿನವರೆಗೆ ಬಂದ ಮೇಲೆ ಒಳಗಿನ ಲೋಟವೊಂದನ್ನು ತಂದು ಕುಕ್ಕಿದ. ಕಾಫಿ ತಣ್ಣಗಾಗಿತ್ತು. ತಳದವರೆಗೂ ಕುಡಿದು, ಲೋಟ ತೊಳೆಯದೆ ಅಲ್ಲೇ ಬಿಟ್ಟು ಎದ್ದು ಬಂದೆ.